ಎಷ್ಟು ಟನ್ ಅನ್ನೋದು ಕೊನೆಯ ಪ್ರಶ್ನೆ

(ಪೀಣ್ಯದಲ್ಲಿ ಸಣ್ಣ ಕಾರ್ಖಾನೆ ನಡೆಸುವವರು ಮತ್ತು ಅವರ ಸೂಪರ್‌ವೈಸರ್‌ಗಳ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಲೆಕ್ಕಗಳನ್ನು ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಬರುವ ಫೋನುಗಳಲ್ಲಿ ಮೊದಲ ಮಾತು ಹೆಚ್ಚಾಗಿ ಇದೇ ಇರುತ್ತದೆ. "ಸಾರ್, 5 ಟನ್ ಕ್ರೇನ್‌ಗೆ ಎಷ್ಟಾಗುತ್ತೆ?" ಕ್ರೇನ್ ಕೂರಿಸುವುದು, ರಿಪೇರಿ ಮಾಡುವುದು, ಚೆಕ್ ಮಾಡುವುದು ನನ್ನ ಕೆಲಸ. ಆದರೂ ಈ ಪ್ರಶ್ನೆಗೆ ತಕ್ಷಣ ರೇಟು ಹೇಳುವುದಿಲ್ಲ. "ನಿಮ್ಮ ಜಾಬ್ ದಿನಕ್ಕೆ ಎಷ್ಟು ಸಲ ನೆಲ ಬಿಡುತ್ತೆ?" ಅಂತ ವಾಪಸ್ ಕೇಳುತ್ತೇನೆ. ಜಾಬ್ ಅಂದರೆ ನೀವು ಎತ್ತುವ ಸಾಮಾನು. ಅದಕ್ಕೆ ಥಟ್ಟನೆ ಉತ್ತರ ಕೊಟ್ಟವರು ತುಂಬಾ ಕಡಿಮೆ. ಯಾಕೆಂದರೆ ಯಾರೂ ಎಣಿಸಿರುವುದಿಲ್ಲ.

ಒಂದು ಡೈ (ಲೋಹಕ್ಕೆ ಆಕಾರ ಕೊಡುವ ಅಚ್ಚು) ಮಾಡುವ ವರ್ಕ್‌ಶಾಪ್‌ನ ಮಾಲೀಕರು 10 ಟನ್ ಕ್ರೇನ್ ಬೇಕು ಅಂದರು. ಅವರ ಹತ್ತಿರ ಇದ್ದ ಅತಿ ದೊಡ್ಡ ಡೈ 2.3 ಟನ್. "ಮುಂದೆ ಬೇಕಾಗಬಹುದು" ಅನ್ನುವುದು ಅವರ ಲೆಕ್ಕ. ಒಂದು ದಿನ ಸುಮ್ನೆ ಕೂರಲು ಬಿಡಿ ಅಂತ ಕೇಳಿದೆ. ಬೆಳಿಗ್ಗೆ 8 ಗಂಟೆಗೆ ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೈಯಲ್ಲಿ ನೋಟ್‌ಬುಕ್ ಹಿಡಿದು ಕೂತೆ. ಏನಾದರೂ ನೆಲದಿಂದ ಮೇಲೆ ಎದ್ದರೆ ಒಂದು ಗೀಟು. ಪಕ್ಕದಲ್ಲಿ ಅಂದಾಜು ತೂಕ, ಎಲ್ಲಿಂದ ಎಲ್ಲಿಗೆ, ಯಾರು ಎತ್ತಿದರು.

ಸಂಜೆ 5ಕ್ಕೆ ಎಣಿಸಿದರೆ 74 ಗೀಟು. ಅದರಲ್ಲಿ 1 ಟನ್ ದಾಟಿದ್ದು 4 ಸಲ ಮಾತ್ರ. ಉಳಿದ 70 ಸಲ ಎದ್ದಿದ್ದು ವೈಸ್, ಫಿಕ್ಸ್ಚರ್, ಡೈ ಪ್ಲೇಟ್, ರೌಂಡ್ ಬಾರ್ ತುಂಡು. 60 ಕೆಜಿಯಿಂದ 200 ಕೆಜಿ ಒಳಗಿನ ಸಾಮಾನು. 60 ಕೆಜಿಯದ್ದನ್ನು ಇಬ್ಬರು ಹುಡುಗರು ಕೈಯಲ್ಲೇ ಎತ್ತಿ ಮೆಷಿನ್ ಟೇಬಲ್ ಮೇಲೆ ಇಡುತ್ತಿದ್ದರು. ಅದಕ್ಕಿಂತ ಭಾರದ್ದಕ್ಕೆ ಹಾರೆ ಕೊಡುತ್ತಿದ್ದರು, ಕೆಳಗೆ ಪೈಪ್ ಹಾಕಿ ಉರುಳಿಸುತ್ತಿದ್ದರು. ಒಬ್ಬ ಹುಡುಗ ಪ್ರತಿ ಸಲ ಇಟ್ಟ ಮೇಲೆ ಎರಡೂ ಕೈ ಸೊಂಟಕ್ಕೆ ಕೊಟ್ಟು ಹಿಂದಕ್ಕೆ ಬಾಗುತ್ತಿದ್ದ. ವಯಸ್ಸು 22 ಇರಬಹುದು. ನನ್ನ ನೋಟ್‌ಬುಕ್‌ನ ಎಲ್ಲಾ ಗೀಟುಗಳಿಗಿಂತ ಆ ಒಂದು ದೃಶ್ಯ ನನಗೆ ಹೆಚ್ಚು ಹೇಳಿತು.

ಆ ಜಾಗಕ್ಕೆ 10 ಟನ್ ಕ್ರೇನ್ ಹಾಕಿದ್ದರೆ 4 ಸಲದ ಕೆಲಸ ಸಲೀಸಾಗುತ್ತಿತ್ತು, 70 ಸಲದ ಕೆಲಸ ಹಾಗೇ ಉಳಿಯುತ್ತಿತ್ತು. ಕೊನೆಗೆ ಹಾಕಿದ್ದು 3 ಟನ್ನಿನ ಸಿಂಗಲ್ ಗರ್ಡರ್ ಕ್ರೇನ್ ಒಂದು, ಅಂದರೆ ಅಡ್ಡಕ್ಕೆ ಒಂದೇ ತೊಲೆ ಇದ್ದು ಎರಡು ಪಕ್ಕದ ಹಳಿ ಮೇಲೆ ಓಡುವಂಥದ್ದು. ಜೊತೆಗೆ ಮೂರು ಮೆಷಿನ್ ಪಕ್ಕದಲ್ಲಿ 250 ಕೆಜಿಯ ಜಿಬ್ ಕ್ರೇನ್, ಪ್ರತಿಯೊಂದಕ್ಕೂ ಎಲೆಕ್ಟ್ರಿಕ್ ಚೈನ್ ಹಾಯ್ಸ್ಟ್, ಅಂದರೆ ಭಾರವನ್ನು ಎತ್ತಿ ಇಳಿಸುವ ಮೋಟಾರ್ ಭಾಗ. ಜಿಬ್ ಅಂದರೆ ಒಂದು ಕಂಬ, ಅದಕ್ಕೊಂದು ತೋಳು. ಆಪರೇಟರ್ ಕೈ ಚಾಚಿದರೆ ಹುಕ್ ಸಿಗುತ್ತದೆ, ಯಾರನ್ನೂ ಕಾಯಬೇಕಿಲ್ಲ.

ಕಾಯುವುದರ ಲೆಕ್ಕವನ್ನು ನೀವೇ ಹಾಕಿ ನೋಡಿ. ನಿಮ್ಮ ಬೇ, ಅಂದರೆ ಕ್ರೇನ್ ಓಡುವ ಶೆಡ್ಡಿನ ಸಾಲು, 60 ಮೀಟರ್ ಉದ್ದ ಅಂತ ಇಟ್ಟುಕೊಳ್ಳಿ. ಕ್ರೇನ್ ನಿಮಿಷಕ್ಕೆ 20 ಮೀಟರ್ ಓಡುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ 3 ನಿಮಿಷ, ವಾಪಸ್ ಬರಲು ಇನ್ನೊಂದು 3. ಹಾಯ್ಸ್ಟ್ ವೇಗ ನಿಮಿಷಕ್ಕೆ 4 ಮೀಟರ್ ಇದ್ದು 4 ಮೀಟರ್ ಎತ್ತಬೇಕಾದರೆ ಎತ್ತಲು 1 ನಿಮಿಷ, ಇಳಿಸಲು 1 ನಿಮಿಷ. ಸ್ಲಿಂಗ್ (ಜಾಬನ್ನು ಹುಕ್ಕಿಗೆ ಕಟ್ಟುವ ಹಗ್ಗ ಇಲ್ಲವೇ ಚೈನ್) ಕಟ್ಟಿ ಬಿಚ್ಚಲು 2 ನಿಮಿಷ. ಒಟ್ಟು 10 ನಿಮಿಷ. ಗಂಟೆಗೆ 6 ಸಲ, 8 ಗಂಟೆ ಒಂದು ನಿಮಿಷವೂ ನಿಲ್ಲದೆ ಓಡಿಸಿದರೂ 48 ಸಲ. ನಿಮಗೆ 70 ಸಲ ಬೇಕಾದರೆ ಅದು 5 ಟನ್ ಇರಲಿ, 50 ಟನ್ ಇರಲಿ, ಒಂದು ಕ್ರೇನ್‌ನಿಂದ ಆಗುವುದಿಲ್ಲ. ಆಗ ಒಂದೇ ಹಳಿಯ ಮೇಲೆ ಎರಡನೇ ಕ್ರೇನ್, ಇಲ್ಲವೇ ಕೆಳಗೆ ಜಿಬ್, ಇಲ್ಲವೇ ಮೆಷಿನ್‌ಗಳ ಜಾಗವನ್ನೇ ಬದಲಾಯಿಸುವುದು. ಮೂರನೆಯದು ಎಷ್ಟೋ ಸಲ ಎಲ್ಲಕ್ಕಿಂತ ಅಗ್ಗ.

ಈಗ ಕೊಟೇಶನ್ ತೆಗೆದು ನೋಡಿ. ಟನ್ ಬರೆದಿರುವ ಸಾಲಿನ ಹತ್ತಿರ ಎಂ3, ಎಂ5 ಅಂತ ಏನೋ ಇರುತ್ತದೆ. ಅದನ್ನು ಡ್ಯೂಟಿ ಕ್ಲಾಸ್ ಅನ್ನುತ್ತೇವೆ, ಎಷ್ಟು ದುಡಿಮೆ ತಾಳುತ್ತದೆ ಅನ್ನುವ ದರ್ಜೆ. ಎಂ1ರಿಂದ ಎಂ8ರವರೆಗೆ ಇದೆ. ಎರಡು ಕೊಟೇಶನ್‌ಗಳ ನಡುವೆ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಮೊದಲು ಇದನ್ನೇ ನೋಡಿ, ಕಾರಣ ಹೆಚ್ಚಾಗಿ ಇಲ್ಲೇ ಸಿಗುತ್ತದೆ. ಯುರೋಪಿನ ಎತ್ತುವ ಯಂತ್ರ ತಯಾರಕರ ಒಕ್ಕೂಟವಾದ ಎಫ್‌ಇಎಂ ಲೆಕ್ಕದ ಪ್ರಕಾರ ಪ್ರತಿ ಸಲ ಪೂರ್ತಿ ಭಾರ ಹೊತ್ತರೆ ಎಂ3 ಹಾಯ್ಸ್ಟ್‌ನ ಆಯಸ್ಸು 400 ಗಂಟೆ, ಎಂ4ರದ್ದು 800, ಎಂ5ರದ್ದು 1600, ಎಂ6ರದ್ದು 3200. ಒಂದೊಂದು ಮೆಟ್ಟಿಲಿಗೂ ಎರಡು ಪಟ್ಟು.

400 ಗಂಟೆ ಅಂದರೆ ಎಷ್ಟು ದಿನ ಬರುತ್ತದೆ? ದಿನಕ್ಕೆ 40 ಸಲ ಎತ್ತುತ್ತೀರಿ, ಪ್ರತಿ ಸಲ ಮೇಲಕ್ಕೆ 1 ನಿಮಿಷ, ಕೆಳಕ್ಕೆ 1 ನಿಮಿಷ. ಅಲ್ಲಿಗೆ 80 ನಿಮಿಷ. 300 ದಿನಕ್ಕೆ ಸರಿಯಾಗಿ 400 ಗಂಟೆ. ಪೂರ್ತಿ ಭಾರದಲ್ಲೇ ದುಡಿಸಿದರೆ ಎಂ3 ಹಾಯ್ಸ್ಟ್ ಒಂದು ವರ್ಷಕ್ಕೆ ತನ್ನ ಲೆಕ್ಕದ ಆಯಸ್ಸು ಮುಗಿಸಿತು. ಎಂ5 ಆದರೆ ನಾಲ್ಕು ವರ್ಷ. ಅಷ್ಟಾದ ಮೇಲೆ ಅದು ಮುರಿದು ಬೀಳುತ್ತದೆ ಅಂತ ಅರ್ಥ ಅಲ್ಲ. ಗೇರ್, ಬೇರಿಂಗ್ ಎಲ್ಲಾ ಬಿಚ್ಚಿ ನೋಡುವ ಕಾಲ ಬಂತು ಅಂತ. "ತಗೊಂಡು ಒಂದೂವರೆ ವರ್ಷ ಆಗಿಲ್ಲ, ಗೇರ್‌ಬಾಕ್ಸ್ ಸದ್ದು ಮಾಡ್ತಿದೆ, ಕಂಪನಿ ಮಾಲು ಸರಿ ಇಲ್ಲ" ಅಂತ ಬೇಸರ ಪಟ್ಟವರ ಶೆಡ್‌ಗೆ ಹೋಗಿ ನೋಡಿದಾಗ, ಸ್ಟೋರ್‌ರೂಮ್‌ಗೆ ಆಗುವ ಹಾಯ್ಸ್ಟನ್ನು ಎರಡು ಶಿಫ್ಟ್ ಓಡಿಸಿದ್ದು ಕಂಡಿದ್ದೇನೆ. ಮಾಲು ಸರಿಯಾಗಿಯೇ ಇತ್ತು, ಕೊಟ್ಟ ಕೆಲಸ ತಪ್ಪಾಗಿತ್ತು.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಭಾರ ಅರ್ಧ ಆದರೆ ಈ ಲೆಕ್ಕದ ಆಯಸ್ಸು ಎರಡು ಪಟ್ಟಾಗುವುದಿಲ್ಲ, ಎಂಟು ಪಟ್ಟಾಗುತ್ತದೆ. ಹಾಗಾಗಿ ದಿನವಿಡೀ 2.5 ಟನ್ ಎತ್ತುವವರು ಅದಕ್ಕೆ ಹತ್ತಿರದ ಸೈಜ್ ತೆಗೆದುಕೊಂಡು ಪ್ರತಿ ಸಲವೂ ಅಂಚಿನಲ್ಲಿ ಓಡಿಸುವ ಬದಲು 5 ಟನ್ ಹಾಯ್ಸ್ಟ್ ತೆಗೆದುಕೊಳ್ಳುವುದರಲ್ಲಿ ಅರ್ಥವಿದೆ. ದೊಡ್ಡದು ಬೇಡ ಅಂತ ಆಗ ಹೇಳಿದವನು ಈಗ ದೊಡ್ಡದು ತಗೊಳ್ಳಿ ಅನ್ನುತ್ತಿದ್ದಾನೆ ಅನ್ನಿಸಬಹುದು. ಆ ಡೈ ಶಾಪ್‌ನಲ್ಲಿ ದೊಡ್ಡ ಭಾರ ದಿನಕ್ಕೆ 4 ಸಲ, ಇಲ್ಲಿ ದಿನವಿಡೀ. ಉತ್ತರ ಬರುವುದು ಆ ಗೀಟುಗಳಿಂದಲೇ.

ಇನ್ನು ಶೆಡ್ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ದೊಡ್ಡ ದುಡ್ಡು ಹಾಳಾಗುವುದು ಇಲ್ಲೇ. ಎಷ್ಟೋ ಜನ ಶೆಡ್ ಕಟ್ಟಿ, ಶೀಟ್ ಹಾಕಿ, ಪೂಜೆ ಮಾಡಿ, ಆಮೇಲೆ ಕ್ರೇನ್‌ಗೆ ಫೋನ್ ಮಾಡುತ್ತಾರೆ. "ಕಾಲಂ ಗಟ್ಟಿ ಇದೆ ಸಾರ್, ಬ್ರ್ಯಾಕೆಟ್ ವೆಲ್ಡ್ ಮಾಡಿದ್ರೆ ಆಯ್ತಲ್ವಾ?" ಅಂತಾರೆ. 10 ಟನ್ ಕ್ರೇನ್, 15 ಮೀಟರ್ ಸ್ಪ್ಯಾನ್ (ಎರಡು ಹಳಿಗಳ ನಡುವಿನ ಅಂತರ) ಅಂದುಕೊಳ್ಳಿ. ಗರ್ಡರ್ ಮತ್ತು ಎಂಡ್ ಕ್ಯಾರೇಜ್ (ಅದರ ತುದಿಗಳ ಚಕ್ರದ ಚೌಕಟ್ಟು) ಸೇರಿ 6 ಟನ್, ಹಾಯ್ಸ್ಟ್ ಮತ್ತು ಅದನ್ನು ಗರ್ಡರ್ ಉದ್ದಕ್ಕೂ ಓಡಿಸುವ ಟ್ರಾಲಿ 1 ಟನ್. ಭಾರ ಹೊತ್ತ ಹುಕ್ ಒಂದು ಪಕ್ಕಕ್ಕೆ, ಹಳಿಯಿಂದ 1 ಮೀಟರ್ ಹತ್ತಿರಕ್ಕೆ ಬಂದು ನಿಂತಾಗ ಆ ಪಕ್ಕದ ಎರಡು ಚಕ್ರದ ಮೇಲೆ 13 ಟನ್‌ಗಿಂತ ಜಾಸ್ತಿ ಬೀಳುತ್ತದೆ. ಒಂದೊಂದು ಚಕ್ರಕ್ಕೆ ಆರೂವರೆ ಟನ್ ಮೇಲೆ. ಭಾರ ಎದ್ದಾಗ ಆಗುವ ಜಗ್ಗಾಟಕ್ಕೆ ಕಟ್ಟಡಗಳ ಭಾರದ ಲೆಕ್ಕಕ್ಕೆ ಇರುವ ನಮ್ಮ ದೇಶದ ಮಾನದಂಡ ಐಎಸ್ 875 ಇನ್ನೂ 25 ಪರ್ಸೆಂಟ್ ಸೇರಿಸಿ ಅನ್ನುತ್ತದೆ. ಅಲ್ಲಿಗೆ 8 ಟನ್ ದಾಟಿತು. ಟ್ರಾಲಿ ಬ್ರೇಕ್ ಹಾಕಿದಾಗ ಹಳಿಯನ್ನು ಅಡ್ಡಕ್ಕೆ ತಳ್ಳುವ ಬಲ ಬೇರೆ. ಭಾರ ಮತ್ತು ಟ್ರಾಲಿ ಸೇರಿ 11 ಟನ್, ಅದರ 10 ಪರ್ಸೆಂಟ್ ಅಂದರೆ 1.1 ಟನ್ ಅಡ್ಡ ತಳ್ಳಾಟ. ಬರೀ ಚಾವಣಿ ಹೊರಲು ಕಟ್ಟಿದ ಕಾಲಂಗೆ ಇದನ್ನು ಹೊರಿಸಬಹುದೋ ಇಲ್ಲವೋ ಅಂತ ಕಣ್ಣಂದಾಜಿನಲ್ಲಿ ಹೇಳಲು ಯಾರಿಗೂ ಆಗುವುದಿಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ, ಪಾಯದ ಸಮೇತ ನೋಡಿ ಹೇಳಬೇಕು.

ಒತ್ತಡ ತಾಳದ ಶೆಡ್ ಅದನ್ನು ಬಾಯಿಬಿಟ್ಟೇ ಹೇಳುತ್ತದೆ. ಕ್ರೇನ್ ಓಡುವಾಗ ಶೀಟುಗಳು ದಡದಡ ಅನ್ನುತ್ತವೆ. ಚಕ್ರದ ಅಂಚು ಹಳಿಗೆ ಉಜ್ಜಿ ಕಿರ್ ಅನ್ನುತ್ತದೆ. ಏಣಿ ಹತ್ತಿ ಹಳಿಯ ಪಕ್ಕ ಬೆರಳಾಡಿಸಿದರೆ ಸಣ್ಣಗೆ ಮಿನುಗುವ ಕಬ್ಬಿಣದ ಪುಡಿ ಅಂಟಿಕೊಳ್ಳುತ್ತದೆ. ಅದು ಚಕ್ರ ಸವೆದ ಪುಡಿ. ಎರಡು ಹಳಿಗಳ ಅಂತರ ಒಂದು ಕಡೆ ಕೂಡಿದೆ ಇಲ್ಲವೇ ಬಿರಿದಿದೆ ಅಂತ ಅರ್ಥ. ಚಕ್ರ ಬದಲಾಯಿಸಿದರೆ ಆರು ತಿಂಗಳಿಗೆ ಮತ್ತೆ ಅದೇ ಪುಡಿ. ಮೊದಲು ಹಳಿ ಸರಿ ಮಾಡಬೇಕು.

ಪೀಣ್ಯದಲ್ಲಿ ನಮ್ಮ ಬಹಳಷ್ಟು ಜನ ಬಾಡಿಗೆ ಶೆಡ್‌ನಲ್ಲಿದ್ದೀರಿ. ಓನರ್ ಕಾಲಂ ಮುಟ್ಟಲು ಬಿಡುವುದಿಲ್ಲ, ಬಿಟ್ಟರೂ ಖಾಲಿ ಮಾಡುವಾಗ ಆ ದುಡ್ಡು ಅಲ್ಲೇ ಉಳಿಯುತ್ತದೆ. ಇಂಥವರಿಗೆ ನಾನು ಹೇಳುವುದು, ಕ್ರೇನ್ ತನ್ನದೇ ಕಾಲಂಗಳ ಮೇಲೆ ನಿಲ್ಲಲಿ. ನೆಲಕ್ಕೆ ಬೋಲ್ಟ್ ಹಾಕಿ ನಿಲ್ಲಿಸುವ ಈ ವ್ಯವಸ್ಥೆಯನ್ನು ಬಿಚ್ಚಿ ಲಾರಿಗೆ ಹಾಕಿಕೊಂಡು ಹೋಗಬಹುದು. ಸ್ವಲ್ಪ ಜಾಗ ತಿನ್ನುತ್ತದೆ, ಖರ್ಚೂ ಜಾಸ್ತಿ. ಆದರೆ ನಿಮ್ಮ ಸ್ವತ್ತಾಗಿ ಉಳಿಯುತ್ತದೆ. ನೆಲದ ಕಾಂಕ್ರೀಟ್ ಎಷ್ಟು ದಪ್ಪ ಇದೆ ಅಂತ ಮಾತ್ರ ತೂತು ಕೊರೆದು ನೋಡಿಯೇ ಮುಂದುವರಿಯಿರಿ. ತಿಂಗಳಿಗೆ ನಾಲ್ಕು ಸಲ ಮಾತ್ರ ಎತ್ತುವವರಿಗೆ ಇದೂ ಬೇಡ. ಚಕ್ರದ ಮೇಲೆ ತಳ್ಳುವ ಎ-ಫ್ರೇಮ್ ಗ್ಯಾಂಟ್ರಿ (ಎರಡು ಕಡೆ ಕಾಲು, ಮೇಲೊಂದು ತೊಲೆ), ಅದಕ್ಕೊಂದು ಕೈಯಲ್ಲಿ ಎಳೆಯುವ ಚೈನ್ ಬ್ಲಾಕ್ ಸಾಕು.

ಎತ್ತರದ ವಿಷಯದಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಹುಕ್ ನೆಲದಿಂದ 4.6 ಮೀಟರ್ ಎತ್ತರ ಹೋಗುತ್ತದೆ ಅಂತ ಅಳೆದು ಕೊಟ್ಟೆ. ಜಾಬ್ 1.4 ಮೀಟರ್, ದಾಟಬೇಕಾದ ಮೆಷಿನ್ ಗಾರ್ಡ್ 2.2 ಮೀಟರ್. ಎರಡೂ ಸೇರಿ 3.6. ಒಂದು ಮೀಟರ್ ಬಾಕಿ ಇದೆ ಅಂತ ಧೈರ್ಯ. ಸ್ಲಿಂಗನ್ನೇ ಮರೆತಿದ್ದೆ. ಸ್ಲಿಂಗ್‌ಗೆ 1.3 ಮೀಟರ್ ಬೇಕಿತ್ತು. ಕ್ರೇನ್ ನಿಂತ ಮೊದಲ ದಿನ ಜಾಬ್ ಗಾರ್ಡ್‌ನ ಮುಂದೆ ಬಂದು ನಿಂತಿತು, ಒಂದು ಗೇಣಿಗಿಂತ ಜಾಸ್ತಿ ಕಡಿಮೆ ಬಿತ್ತು. ಮಾಲೀಕರು ಬೈಯಲಿಲ್ಲ, ಸುಮ್ಮನೆ ಮೇಲೆ ನೋಡುತ್ತಾ ನಿಂತಿದ್ದರು. ಆಮೇಲೆ ಕಡಿಮೆ ಜಾಗದಲ್ಲಿ ಕೂರುವ ಲೋ ಹೆಡ್‌ರೂಮ್ ಹಾಯ್ಸ್ಟ್ ಹಾಕಿ ಸರಿಮಾಡಿದೆವು. ಅವತ್ತಿನಿಂದ ನನ್ನ ಅಳತೆ ಪುಸ್ತಕದಲ್ಲಿ ಮೊದಲ ಸಾಲು ಸ್ಲಿಂಗ್‌ನದೇ. ಹಾಗೆಯೇ ಹುಕ್ ಗೋಡೆಯವರೆಗೂ ಹೋಗುವುದಿಲ್ಲ ಅನ್ನುವುದೂ ನೆನಪಿರಲಿ. ಎರಡೂ ಪಕ್ಕ ಸುಮಾರು ಒಂದು ಮೀಟರ್ ಸತ್ತ ಜಾಗ. ಭಾರದ ಮೆಷಿನ್‌ಗಳನ್ನು ಗೋಡೆಗೆ ಒತ್ತಿ ಕೂರಿಸಿದರೆ ಕ್ರೇನ್ ಇದ್ದೂ ಇಲ್ಲದ ಹಾಗೆ.

ಹೊರಗೆ ಬಯಲಲ್ಲಿ ಕೆಲಸ ಮಾಡುವವರ ಕಥೆ ಬೇರೆ. ಜಿಗಣಿಯ ಗ್ರಾನೈಟ್ ಕಾರ್ಖಾನೆಗಳನ್ನು ನೋಡಿರುತ್ತೀರಿ. 3 ಮೀಟರ್ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರದ ಬ್ಲಾಕ್ 18 ಟನ್ ತೂಗುತ್ತದೆ. ಅಲ್ಲಿ ನೆಲದ ಹಳಿ ಮೇಲೆ ಓಡುವ ಗ್ಯಾಂಟ್ರಿಯೇ ಸರಿ. ಆದರೆ ಗಾಳಿಗೆ ತಾನಾಗಿ ಓಡದಂತೆ ಹಳಿಗೆ ಕಚ್ಚುವ ಕ್ಲ್ಯಾಂಪ್ ಇರಲೇಬೇಕು. ಕೆಲಸ ಮುಗಿದ ಮೇಲೆ ಪ್ರತಿ ಸಂಜೆ ಅದನ್ನು ಹಾಕಬೇಕು.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರದ ವಿಷಯಕ್ಕೆ ಬರುತ್ತೇನೆ. ಬೆಳಗಾವಿ, ಶಿವಮೊಗ್ಗದ ಕಡೆ ಎರಕದ ಕಾರ್ಖಾನೆಗಳು ತುಂಬಾ ಇವೆ, ಇಲ್ಲಿಯೂ ಫೌಂಡ್ರಿಯವರು ಇದ್ದೀರಿ. 2007ರ ಏಪ್ರಿಲ್ 18ರಂದು ಚೀನಾದ ಟಿಯೆಲಿಂಗ್ ನಗರದ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಕರಗಿದ ಉಕ್ಕು ತುಂಬಿದ 30 ಟನ್ನಿನ ಲ್ಯಾಡಲ್ (ಕರಗಿದ ಲೋಹ ಸಾಗಿಸುವ ದೊಡ್ಡ ಪಾತ್ರೆ) ಕ್ರೇನ್‌ನಿಂದ ಕೆಳಗೆ ಬಿತ್ತು. ಪಕ್ಕದ ಕೋಣೆಯಲ್ಲಿ ಶಿಫ್ಟ್ ಬದಲಾಗುವ ಹೊತ್ತಿಗೆ ಕೆಲಸಗಾರರು ಸೇರಿದ್ದರು. ಉಕ್ಕು ಆ ಕೋಣೆಗೆ ನುಗ್ಗಿತು. 32 ಜನ ತೀರಿಕೊಂಡರು. ತನಿಖೆಯಲ್ಲಿ ಗೊತ್ತಾಗಿದ್ದು, ಕರಗಿದ ಲೋಹ ಎತ್ತುವುದಕ್ಕೆಂದು ಮಾಡಿದ ಕ್ರೇನ್ ಅಲ್ಲಿರಲಿಲ್ಲ. ಸಾಮಾನ್ಯ ಕ್ರೇನ್‌ನಲ್ಲೇ ಆ ಕೆಲಸ ಮಾಡುತ್ತಿದ್ದರು. ಕಂಟ್ರೋಲ್ ಕೈಕೊಟ್ಟಾಗ ಬ್ರೇಕ್‌ಗೆ ಲ್ಯಾಡಲ್ಲನ್ನು ಹಿಡಿದು ನಿಲ್ಲಿಸಲು ಆಗಲಿಲ್ಲ. ಜನ ಸೇರುವ ಕೋಣೆ ಅಷ್ಟು ಹತ್ತಿರ ಇದ್ದದ್ದು ಇನ್ನೊಂದು ತಪ್ಪು.

ದಯವಿಟ್ಟು ಕೇಳಿ. ನಿಮ್ಮ ಲ್ಯಾಡಲ್ 500 ಕೆಜಿಯದ್ದೇ ಇರಲಿ, ಅದನ್ನು ಅಂಗಡಿಯಲ್ಲಿ ಸಿಗುವ 1 ಟನ್ ಹಾಯ್ಸ್ಟ್‌ಗೆ ನೇತು ಹಾಕಬೇಡಿ. ಅದಕ್ಕೆ ಮೇಲಿನ ದರ್ಜೆಯ ಡ್ಯೂಟಿ ಕ್ಲಾಸ್ ಬೇಕು. ಒಂದು ಬ್ರೇಕ್ ಸೋತರೆ ಇನ್ನೊಂದು ಹಿಡಿಯುವಂತೆ ಎರಡು ಬ್ರೇಕ್ ಬೇಕು. ಒಳಗೆ ನಾರಿನ ಬದಲು ಉಕ್ಕಿನ ತಿರುಳು ಇರುವ ರೋಪ್ ಬೇಕು, ಬಿಸಿಗೆ ನಾರು ಒಣಗಿ ಸುಡುತ್ತದೆ. ಹುಕ್ ಬ್ಲಾಕ್‌ಗೆ ಬಿಸಿ ತಾಗದಂತೆ ತಗಡಿನ ಮರೆ ಬೇಕು. ಲ್ಯಾಡಲ್ ಓಡಾಡುವ ದಾರಿಯ ಕೆಳಗೂ ಪಕ್ಕದಲ್ಲೂ ಊಟದ ಜಾಗ, ಆಫೀಸ್, ಬಟ್ಟೆ ಬದಲಿಸುವ ಕೋಣೆ ಯಾವುದೂ ಇರಬಾರದು. ಇದರಲ್ಲಿ ಯಾವುದನ್ನೂ ಆಮೇಲೆ ಮಾಡೋಣ ಅಂತ ಬಿಡುವ ಹಾಗಿಲ್ಲ.

ಇಷ್ಟೆಲ್ಲಾ ಸರಿಯಾಗಿ ಆರಿಸಿದ ಮೇಲೂ ಹುಕ್‌ನಿಂದ ಕೆಳಗಿನ ಒಂದು ಮೀಟರ್ ಉಳಿದಿರುತ್ತದೆ. ಸ್ಲಿಂಗ್, ಅದನ್ನು ಜೋಡಿಸುವ ಶ್ಯಾಕಲ್ ಕೊಂಡಿ, ಜಾಬ್‌ಗೆ ತಿರುಗಿಸಿ ಹಾಕುವ ಬಳೆ ತಲೆಯ ಐ-ಬೋಲ್ಟ್. ಲಕ್ಷಗಟ್ಟಲೆ ಕೊಟ್ಟು ಕ್ರೇನ್ ತಂದವರು ಇಲ್ಲಿ ಹಳೇ ಚೈನ್ ತುಂಡಿಗೆ ಬೋಲ್ಟ್ ಹಾಕಿ ಕೆಲಸ ಸಾಗಿಸುತ್ತಾರೆ. 1 ಟನ್ ಭಾರವನ್ನು ಎರಡು ಕಾಲಿನ ಸ್ಲಿಂಗ್‌ನಲ್ಲಿ ಎತ್ತುತ್ತೀರಿ. ಅರ್ಧ ಅರ್ಧ ಹಂಚಿಕೊಂಡು ಒಂದೊಂದಕ್ಕೆ 500 ಕೆಜಿ ಅನ್ನಿಸುತ್ತದೆ, ಅಲ್ವಾ? ಎರಡೂ ಕಾಲು ನೆಟ್ಟಗೆ ನಿಂತರೆ ಮಾತ್ರ ಅಷ್ಟು. ನೆಲಕ್ಕೆ 60 ಡಿಗ್ರಿಯಲ್ಲಿದ್ದರೆ ಒಂದೊಂದರ ಮೇಲೆ 577 ಕೆಜಿ. 45 ಡಿಗ್ರಿಗೆ 707. 30 ಡಿಗ್ರಿಗೆ ಪೂರ್ತಿ 1000 ಕೆಜಿ. ಎರಡು ಕಾಲಿದ್ದರೂ ಪ್ರತಿಯೊಂದೂ ಇಡೀ ಭಾರ ಹೊತ್ತಿರುತ್ತದೆ. ಜಾಬ್ ಅಗಲ ಇದ್ದು ಸ್ಲಿಂಗ್ ಗಿಡ್ಡ ಇದ್ದಾಗ ಆಗುವುದು ಇದೇ. ಉದ್ದದ ಸ್ಲಿಂಗ್ ತನ್ನಿ. ಮೇಲೆ ಎತ್ತರ ಸಾಲದಿದ್ದರೆ ನಡುವೆ ಒಂದು ಸ್ಪ್ರೆಡರ್ ಬೀಮ್ (ಸ್ಲಿಂಗ್ ಕಾಲುಗಳನ್ನು ಅಗಲಿಸಿ ಹಿಡಿಯುವ ಅಡ್ಡ ತೊಲೆ) ಹಾಕಿ. ಅದರ ತೂಕವನ್ನೂ ಲೆಕ್ಕಕ್ಕೆ ಸೇರಿಸಿ.

ತೂಕ ಗೊತ್ತಿಲ್ಲದ ಸಾಮಾನನ್ನು "ಎತ್ತಿ ನೋಡೋಣ" ಅನ್ನಬೇಡಿ. ಉಕ್ಕಿಗೆ ಒಂದು ಘನ ಮೀಟರ್‌ಗೆ 7850 ಕೆಜಿ ಅಂತ ನೆನಪಿದ್ದರೆ ಸಾಕು. ಎರಡೂವರೆ ಮೀಟರ್ ಉದ್ದ, ಒಂದೂಕಾಲು ಅಗಲ, 20 ಎಂಎಂ ದಪ್ಪದ ಪ್ಲೇಟ್ 490 ಕೆಜಿ. ಟೇಪ್ ಮತ್ತು ಫೋನ್ ಎಲ್ಲರ ಹತ್ತಿರವೂ ಇದೆ.

ಹೊಸ ಕ್ರೇನ್ ನಿಂತ ಮೇಲೆ ಟೆಸ್ಟ್ ಮಾಡುತ್ತೇವೆ, 125 ಪರ್ಸೆಂಟ್ ಭಾರ ಹಾಕಿ. ಅವತ್ತು ಇಡೀ ಕಾರ್ಖಾನೆ ನೋಡಲು ಬಂದು ಸುತ್ತ ನಿಲ್ಲುತ್ತದೆ. ನಾನು ಎಲ್ಲರನ್ನೂ ಹೊರಗೆ ಕಳಿಸುತ್ತೇನೆ, ಮಾಲೀಕರನ್ನೂ. 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್‌ನಲ್ಲಿ ಟ್ರಯಲ್ ನಡೆಯುವಾಗಲೇ ಕ್ರೇನ್ ಕುಸಿದು 11 ಜನ ತೀರಿಕೊಂಡರು. ಅದಾದ ಮೇಲೆ ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಆಮೇಲಿನ ತಪಾಸಣೆ ಬಗ್ಗೆ 1948ರ ಫ್ಯಾಕ್ಟರಿ ಕಾಯ್ದೆಯ 29ನೇ ಸೆಕ್ಷನ್‌ನಲ್ಲೇ ಬರೆದಿದ್ದರು. ಕ್ರೇನ್, ಚೈನ್, ರೋಪ್ ಎಲ್ಲವನ್ನೂ ಕನಿಷ್ಠ 12 ತಿಂಗಳಿಗೊಮ್ಮೆ ಅರ್ಹ ವ್ಯಕ್ತಿ ಪೂರ್ತಿಯಾಗಿ ನೋಡಬೇಕು. ಹಳಿಯ ಹತ್ತಿರ ಯಾರಾದರೂ ಕೆಲಸ ಮಾಡುತ್ತಿದ್ದರೆ ಕ್ರೇನ್ ಅವರ 6 ಮೀಟರ್ ಒಳಗೆ ಬರಬಾರದು. ಬಲ್ಬ್ ಹಾಕಲು ಹತ್ತಿದ ಎಲೆಕ್ಟ್ರಿಷಿಯನ್ನನ್ನು ನೆನಪಿಸಿಕೊಳ್ಳಿ, ಆ 6 ಮೀಟರ್ ಯಾಕೆ ಅಂತ ಗೊತ್ತಾಗುತ್ತದೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹೆಚ್ಚು ಜನ ಕೇಳಿದ್ದು ಸೆಕೆಂಡ್ ಹ್ಯಾಂಡ್ ಕ್ರೇನ್ ಬಗ್ಗೆ. ತಗೊಳ್ಳಬಹುದು. ಆದರೆ ಡ್ಯೂಟಿ ಕ್ಲಾಸ್ ಬರೆದಿರುವ ಪ್ಲೇಟ್ ಮತ್ತು ಹಿಂದಿನ ಟೆಸ್ಟ್ ಸರ್ಟಿಫಿಕೇಟ್ ಇರಬೇಕು. ಅದು ಹಿಂದೆ ಎಲ್ಲಿ, ಎಷ್ಟು ಶಿಫ್ಟ್ ಓಡಿತ್ತು ಅಂತ ಗೊತ್ತಿರಬೇಕು. ನಿಮ್ಮ ಸ್ಪ್ಯಾನ್‌ಗೆ ಹೊಂದಿಸಲು ಗರ್ಡರ್‌ಗೆ ತುಂಡು ಸೇರಿಸಿ ಉದ್ದ ಮಾಡಿಕೊಡುತ್ತೇವೆ ಅಂದವರಿಗೆ ಬೇಡ ಅನ್ನಿ.

ಫೌಂಡ್ರಿ ನಡೆಸುವ ಒಬ್ಬರು ಕೊನೆಯಲ್ಲಿ ಹತ್ತಿರ ಬಂದು, "ಅಣ್ಣ, ನಮ್ಮ ಹುಕ್ ಒಂದ್ಸಲ ನೋಡ್ತೀರಾ, ಇಲ್ಲೇ ಪಕ್ಕದ ರೋಡು" ಅಂದರು. ಹೋದೆವು. ಹುಕ್ ಕೆಳಗೆ ಇಳಿಸಿ, ಗ್ರೀಸ್ ಒರೆಸಿ ನೋಡಿದರೆ ಬಾಯಿಯ ಎರಡು ಕಡೆ ತಯಾರಕರು ಹಾಕಿದ ಪಂಚ್ ಗುರುತು ಕಂಡಿತು. ಅವರ ಹಳೇ ಸರ್ಟಿಫಿಕೇಟ್‌ನಲ್ಲಿ ಆ ಗುರುತುಗಳ ಅಂತರ 100 ಎಂಎಂ. ವರ್ನಿಯರ್ ಇಟ್ಟು ಅಳೆದರೆ 112. ಭಾರಕ್ಕೆ ಹುಕ್‌ನ ಬಾಯಿ ಬಿರಿದಿತ್ತು. ಅವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ವರ್ನಿಯರ್ ನೋಡಿದರು. ಆಮೇಲೆ ರಾತ್ರಿ ಶಿಫ್ಟ್‌ನವರಿಗೆ ಫೋನ್ ಮಾಡಿ, ಇವತ್ತು ಕುಲುಮೆ ಹಚ್ಚಬೇಡಿ ಅಂದರು.